ಆಕಾಶದ ಬಾಡಿಗೆ ಎಷ್ಟು? ಸಣ್ಣ ವಿಮಾನಗಳ ಚರಿತ್ರೆ ಮತ್ತು ನಮ್ಮ ಕಾಸರಗೋಡು



ಕಳೆದ ತಿಂಗಳ ಯುವಜನರ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ನಮ್ಮಲ್ಲೊಬ್ಬ ಮೊಬೈಲಿನಲ್ಲಿ ಓದಿದ ಸುದ್ದಿಯೊಂದನ್ನು ಹೇಳಿದ. ನಾಲ್ಕೈದು ಜನ ಕೂರುವ ಪುಟ್ಟ ಜೆಟ್ ವಿಮಾನಗಳು ಬಂದಿವೆಯಂತೆ. ಖಾಸಗಿ ವಿಮಾನವೆಂದರೆ ಸಿನೆಮಾ ನಟರಿಗೆ, ದೊಡ್ಡ ಉದ್ಯಮಿಗಳಿಗೆ ಮಾತ್ರ ಎನ್ನುವ ಕಾಲ ಹೋಗಿ, ಟ್ಯಾಕ್ಸಿ ಕರೆಸಿದ ಹಾಗೆ ವಿಮಾನ ಕರೆಸುವ ಕಾಲ ಬರುತ್ತದಂತೆ. ನಾವೆಲ್ಲ ನಕ್ಕೆವು. ಬದಿಯಡ್ಕದಿಂದ ಬೆಂಗಳೂರಿಗೆ ಜೆಟ್ಟಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು ಎಂದು ತಮಾಷೆಯೂ ನಡೆಯಿತು. ಅಲ್ಲೇ ಕುಳಿತಿದ್ದ ನಮ್ಮ ವಾರ್ಡಿನ ಹಿರಿಯರೊಬ್ಬರು, ಹಿಂದೆ ಜೀಪು ಓಡಿಸುತ್ತಿದ್ದವರು, ಒಂದೇ ಪ್ರಶ್ನೆ ಕೇಳಿದರು: "ಅದು ಬಾಡಿಗೆ ಜೀಪೋ, ಸರ್ವಿಸ್ ಜೀಪೋ ಮಕ್ಕಳೇ?"

ನಮ್ಮ ಊರಿನವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆ ಜೀಪೆಂದರೆ ಇಡೀ ಜೀಪು ನಿಮ್ಮದು. ನೀವು ಒಬ್ಬರೇ ಕೂತರೂ ಪೂರ್ತಿ ಹಣ ಕೊಡಬೇಕು, ಜೀಪು ಖಾಲಿ ಹಿಂದೆ ಬರುವ ಖರ್ಚೂ ನಿಮ್ಮದೇ. ಸರ್ವಿಸ್ ಜೀಪಿನಲ್ಲಿ ನಿಮ್ಮ ಸೀಟಿಗೆ ಮಾತ್ರ ದುಡ್ಡು, ಆದರೆ ಜೀಪು ತುಂಬುವವರೆಗೆ ಕಾಯಬೇಕು. ಸಭೆಯಿಂದ ಮನೆಗೆ ಬಂದ ಮೇಲೆ ನಾವು ಕೆಲವರು ಸೇರಿ ಸಣ್ಣ ವಿಮಾನಗಳ ಚರಿತ್ರೆಯನ್ನು ಹುಡುಕಿ ಓದಿದೆವು. ಓದುತ್ತಾ ಹೋದ ಹಾಗೆ, ಎಂಬತ್ತು ತೊಂಬತ್ತು ವರ್ಷಗಳ ಈ ಕಥೆಯೆಲ್ಲ ಅವರು ಕೇಳಿದ ಆ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ ಎಂದು ತಿಳಿಯಿತು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ನಮ್ಮ ಜಿಲ್ಲೆಯಿಂದಲೇ ಎದ್ದಿತು: ಹಾರಾಟ ಅಗ್ಗವಾದಾಗ ಉಳಿದ ಬೆಲೆಯನ್ನು ಯಾರು ಕೊಡುತ್ತಾರೆ?

ಮೊದಲು ಇದ್ದದ್ದೇ ಸಣ್ಣ ವಿಮಾನ

ನಮ್ಮ ದೇಶದ ವಿಮಾನ ಸೇವೆ ಶುರುವಾದದ್ದೇ ಸಣ್ಣ ವಿಮಾನದಿಂದ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಅಂಚೆ ಚೀಲ ತಂದರು. ಮುಂಬಯಿಯಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋದರು. ಅಂದರೆ ಟಾಟಾ ಅವರ ಮೊದಲ ವಿಮಾನ ಅಂಚೆಯ ದಾರಿಯಲ್ಲಿ ಕನ್ನಡದ ಊರೊಂದು ನಿಲ್ದಾಣವಾಗಿತ್ತು. ಆ ವಿಮಾನದಲ್ಲಿ ಪೈಲಟ್ ಬಿಟ್ಟರೆ ಒಬ್ಬಿಬ್ಬರಿಗೆ ಮಾತ್ರ ಜಾಗ. ಖರ್ಚು ಹೊರುತ್ತಿದ್ದದ್ದು ಪ್ರಯಾಣಿಕರಲ್ಲ, ಅಂಚೆ ಕಾಗದಗಳು. ನೂರಾರು ಜನರ ಕಾಗದಗಳು ಒಂದೇ ವಿಮಾನದಲ್ಲಿ ಹೋಗುತ್ತಿದ್ದುದರಿಂದಲೇ ಅದು ನಡೆಯಿತು. ಅದೂ ಒಂದು ರೀತಿಯ ಸರ್ವಿಸ್ ಜೀಪೇ.

1935ರಲ್ಲಿ ಟಾಟಾ ಏರ್‌ಲೈನ್ಸ್ ಮುಂಬಯಿಯಿಂದ ತಿರುವನಂತಪುರಕ್ಕೆ ವಾರಕ್ಕೊಂದು ವಿಮಾನ ಆರಂಭಿಸಿತು. ಅದು ಗೋವಾದಲ್ಲಿ ಮತ್ತು ನಮ್ಮ ಪಕ್ಕದ ಕಣ್ಣೂರಿನಲ್ಲಿ ಇಳಿಯುತ್ತಿತ್ತು. ನಡುವೆ ಇರುವ ನಮ್ಮ ಕರಾವಳಿಯ ಮೇಲಿಂದ ಹಾದು ಹೋಗಿರಲೇಬೇಕು. ಕುಂಬಳೆಯ ಮೀನುಗಾರರೂ ಮಂಜೇಶ್ವರದ ಗದ್ದೆಯಲ್ಲಿದ್ದವರೂ ತಲೆಯೆತ್ತಿ ನೋಡಿರಬಹುದು. ಅದರಲ್ಲಿ ಕೂರುವ ಯೋಚನೆ ಅವರಿಗೆ ಬರುವ ಹಾಗಿರಲಿಲ್ಲ.

ಆಮೇಲೆ ಬಂದದ್ದು ಬಜ್ಪೆ. 1951ರ ಡಿಸೆಂಬರ್ 25, ಕ್ರಿಸ್ಮಸ್ ದಿನ. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಿಸಿ-3 ಡಕೋಟಾ ವಿಮಾನದಲ್ಲಿ ಬಂದಿಳಿದು ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಚಾಲನೆ ಸಿಕ್ಕಿತು. ಆಗ ಕಾಸರಗೋಡು ಕೇರಳದಲ್ಲಿರಲಿಲ್ಲ, ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಹಾಗಾಗಿ ಬಜ್ಪೆ ನಮ್ಮದೇ ಜಿಲ್ಲೆಯ ವಿಮಾನ ನಿಲ್ದಾಣ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು, 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ವಿಮಾನಕ್ಕೆ ಹೋಗುವ ದಾರಿ ಮಾತ್ರ ಬದಲಾಗಲಿಲ್ಲ. ತಲಪಾಡಿ ದಾಟಿ ಬಜ್ಪೆಯ ಗುಡ್ಡೆ ಹತ್ತುವುದೇ ನಮ್ಮ ಅಭ್ಯಾಸ. ಗಡಿಯ ವಿಷಯವನ್ನು ನೆನಪಿನಲ್ಲಿಡಿ, ಅದು ಮುಂದೆ ಇನ್ನೊಮ್ಮೆ ಬರುತ್ತದೆ.

ಪುಟ್ಟ ಜೆಟ್ ಹುಟ್ಟಿದ್ದು

ಡಕೋಟಾಕ್ಕೆ ತಿರುಗುವ ಪಂಖ. ಜೆಟ್ ಬಂದದ್ದು ಆಮೇಲೆ, ಅದೂ ಮೊದಲು ಸೈನ್ಯಕ್ಕೆ, ನಂತರ ದೊಡ್ಡ ಪ್ರಯಾಣಿಕ ವಿಮಾನಗಳಿಗೆ. ಏಳೆಂಟು ಜನರಿಗಾಗಿ ಜೆಟ್ ಮಾಡಬಹುದು ಎಂದು ತೋರಿಸಿದವರಲ್ಲಿ ಅಮೆರಿಕದ ಬಿಲ್ ಲಿಯರ್ ಮುಖ್ಯರು. ಅವರ ಲಿಯರ್‌ಜೆಟ್ 23 ಮೊದಲು ಹಾರಿದ್ದು 1963ರ ಅಕ್ಟೋಬರ್ 7ರಂದು. 1969ರಲ್ಲಿ ಸೆಸ್ನಾ ಕಂಪೆನಿಯ ಸಿಟೇಶನ್ ಹಾರಿತು. ಅದು ವೇಗದಲ್ಲಿ ಸ್ವಲ್ಪ ಹಿಂದೆ, ಆದರೆ ಓಡಿಸಲು ಸುಲಭ, ಚಿಕ್ಕ ರನ್‌ವೇಯಲ್ಲೂ ಇಳಿಯುತ್ತಿತ್ತು.

ಆದರೂ ಇವು ಬಾಡಿಗೆ ಜೀಪುಗಳೇ. ಖಾಸಗಿ ಜೆಟ್ಟಿನ ಖರ್ಚನ್ನು ಬಿಡಿಸಿ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ವಿಮಾನ ಕೊಂಡ ಸಾಲದ ಬಡ್ಡಿ, ನಿಲ್ಲಿಸುವ ಹ್ಯಾಂಗರಿನ ಬಾಡಿಗೆ, ವಿಮೆ, ಪೈಲಟ್‌ಗಳ ಸಂಬಳ, ಅವರಿಗೆ ಪ್ರತಿವರ್ಷ ಕೊಡಬೇಕಾದ ತರಬೇತಿ: ಇವೆಲ್ಲ ವಿಮಾನ ಹಾರಿದರೂ ಹಾರದಿದ್ದರೂ ಬರುವ ಖರ್ಚು. ಇಂಧನ, ಇಳಿಯುವ ಶುಲ್ಕ, ಇಷ್ಟು ಗಂಟೆ ಓಡಿದ ಮೇಲೆ ಎಂಜಿನ್ ಬಿಚ್ಚಿ ಸರಿಪಡಿಸುವ ದುಡ್ಡು: ಇವು ಹಾರಿದಾಗ ಬರುವ ಖರ್ಚು. ವರ್ಷದಲ್ಲಿ ನೂರು ಗಂಟೆ ಮಾತ್ರ ಹಾರುವ ವಿಮಾನದಲ್ಲಿ ಮೊದಲನೆಯ ಖರ್ಚೆಲ್ಲ ಆ ನೂರು ಗಂಟೆಯ ಮೇಲೆ ಬೀಳುತ್ತದೆ. ಸಾವಿರ ಗಂಟೆ ಹಾರಿದರೆ ಅದೇ ಖರ್ಚು ಹತ್ತು ಪಾಲಾಗಿ ಹಂಚಿಹೋಗುತ್ತದೆ. ಯಾರನ್ನೋ ಬಿಟ್ಟು ಖಾಲಿ ಹಿಂದೆ ಬಂದರೆ ಲೆಕ್ಕ ಮತ್ತೆ ಎರಡು ಪಾಲು.

1986ರಲ್ಲಿ ನೆಟ್‌ಜೆಟ್ಸ್ ಎಂಬ ಅಮೆರಿಕದ ಸಂಸ್ಥೆ ಇದಕ್ಕೊಂದು ದಾರಿ ಕಂಡುಕೊಂಡಿತು. ಒಂದು ವಿಮಾನವನ್ನು ಹಲವರು ಪಾಲು ಹಾಕಿ ಕೊಳ್ಳುವುದು, ಪಾಲಿಗೆ ತಕ್ಕಷ್ಟು ಗಂಟೆ ಉಪಯೋಗಿಸುವುದು. ಅಡಿಕೆ ಬೆಳೆಗಾರರ ಮನೆಯಿಂದ ಬಂದ ನಮಗೆ ಇದು ಹೊಸದಲ್ಲ. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕ್ಯಾಂಪ್ಕೊ ಕಟ್ಟಿದ್ದೂ ಒಬ್ಬನಿಂದ ಆಗದ್ದು ಹತ್ತು ಮಂದಿಯಿಂದ ಆಗುತ್ತದೆ ಎಂಬ ನಂಬಿಕೆಯಿಂದಲೇ. ವ್ಯತ್ಯಾಸ ಇಷ್ಟೇ: ಜೆಟ್ಟಿನ ಪಾಲು ಕೊಳ್ಳುವವನೂ ಕೋಟ್ಯಧಿಪತಿಯೇ ಆಗಿರಬೇಕಿತ್ತು.

ಜೀಪು ತುಂಬುವ ಕಂಪ್ಯೂಟರ್

ಮೊಬೈಲಿನಲ್ಲಿ ನಮ್ಮ ಗೆಳೆಯ ಓದಿದ ಮಾತು ಮೊದಲು ಕೇಳಿಬಂದದ್ದು 1990ರ ದಶಕದ ಕೊನೆಯಲ್ಲಿ. ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡಿದ್ದ ವರ್ನ್ ರಬರ್ನ್ 1998ರಲ್ಲಿ ಎಕ್ಲಿಪ್ಸ್ ಎಂಬ ಕಂಪೆನಿ ಕಟ್ಟಿದರು. ಆರು ಸೀಟುಗಳ, ಎರಡು ಪುಟ್ಟ ಎಂಜಿನ್ನುಗಳ ಜೆಟ್ಟನ್ನು 10 ಲಕ್ಷ ಡಾಲರಿಗಿಂತ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದರು. ಆಗ ಮಾರಾಟದಲ್ಲಿದ್ದ ಯಾವ ಹೊಸ ಜೆಟ್ಟೂ ಆ ಬೆಲೆಯ ಹತ್ತಿರವೂ ಇರಲಿಲ್ಲ. ಮೋಟಾರು ಕಾರಿನ ಕಾರ್ಖಾನೆಯಂತೆ ಸಾವಿರಗಟ್ಟಲೆ ಮಾಡಿದರೆ ಬೆಲೆ ಇಳಿಯುತ್ತದೆ ಎನ್ನುವುದು ಅವರ ಲೆಕ್ಕ. ಮೊದಲು ಆರಿಸಿದ ಎಂಜಿನ್ ಸರಿಹೋಗದೆ ಬೇರೆ ಎಂಜಿನ್ ಹುಡುಕಬೇಕಾಯಿತು. 2006ರಲ್ಲಿ ಎಕ್ಲಿಪ್ಸ್ 500ಕ್ಕೆ ಹಾರುವ ಪ್ರಮಾಣಪತ್ರ ಸಿಕ್ಕಿತು.

ಇದನ್ನೇ ನಂಬಿ ಫ್ಲಾರಿಡಾದಲ್ಲಿ ಡೇಜೆಟ್ ಎಂಬ ಸೇವೆ 2007ರ ಅಕ್ಟೋಬರಿನಲ್ಲಿ ಶುರುವಾಯಿತು. ಇದು ನಿಜವಾಗಿ ಆಕಾಶದ ಸರ್ವಿಸ್ ಜೀಪು. ಇಡೀ ವಿಮಾನವನ್ನಲ್ಲ, ಒಂದು ಸೀಟನ್ನು ಮಾತ್ರ ಮಾರುತ್ತಿದ್ದರು. ನಿಗದಿತ ವೇಳಾಪಟ್ಟಿ ಇಲ್ಲ. ನೀವು ಎಷ್ಟು ಹೊತ್ತು ಕಾಯಲು ಸಿದ್ಧ ಎಂದು ಹೇಳಬೇಕು. ಹೆಚ್ಚು ಕಾಯುವವನಿಗೆ ಕಡಿಮೆ ದರ, ಈಗಲೇ ಹೋಗಬೇಕು ಎನ್ನುವವನಿಗೆ ಹೆಚ್ಚು ದರ. ಯಾರನ್ನು ಯಾರ ಜೊತೆ ಕೂರಿಸಿದರೆ ವಿಮಾನ ತುಂಬುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತಿತ್ತು. ನಮ್ಮ ಪೇಟೆಯಲ್ಲಿ ಜೀಪಿನ ಬಾಗಿಲಿಗೆ ಒರಗಿ ನಿಂತು "ಇನ್ನೊಬ್ಬರು, ಇನ್ನೊಬ್ಬರು" ಎಂದು ಕರೆಯುವವನ ಕೆಲಸ ಅದು.

ಹನ್ನೆರಡು ತಿಂಗಳು ತುಂಬುವ ಮೊದಲೇ, 2008ರ ಸೆಪ್ಟೆಂಬರಿನಲ್ಲಿ, ಡೇಜೆಟ್ ನಿಂತಿತು. ಎರಡು ತಿಂಗಳ ನಂತರ ಎಕ್ಲಿಪ್ಸ್ ಕಂಪೆನಿಯೇ ದಿವಾಳಿ ಅರ್ಜಿ ಹಾಕಿತು. ಆ ಹೊತ್ತಿಗೆ ವಿಮಾನದ ಬೆಲೆ 20 ಲಕ್ಷ ಡಾಲರ್ ದಾಟಿತ್ತು, ತಯಾರಾದದ್ದು ಸುಮಾರು 260 ವಿಮಾನಗಳು ಮಾತ್ರ. ಆ ವರ್ಷದ ಆರ್ಥಿಕ ಕುಸಿತ ದೊಡ್ಡ ಕಾರಣ. ಆದರೆ ಲೆಕ್ಕದಲ್ಲೇ ಒಂದು ಗಂಟು ಇತ್ತು. ಮೂರ್ನಾಲ್ಕು ಪ್ರಯಾಣಿಕರಿಗೆ ಇಬ್ಬರು ಪೈಲಟ್‌ಗಳು ಬೇಕು. ದೊಡ್ಡ ವಿಮಾನದಲ್ಲಿ ಅದೇ ಇಬ್ಬರು ಪೈಲಟ್‌ಗಳ ಸಂಬಳ 180 ಜನರ ಮೇಲೆ ಹಂಚಿಹೋಗುತ್ತದೆ. ವಿಮಾನ ಸಣ್ಣದಾದ ಹಾಗೆ ಇಂಧನವೇನೋ ಕಡಿಮೆಯಾಗುತ್ತದೆ, ಆದರೆ ತಲೆಗೆ ಬೀಳುವ ಪಾಲು ಹೆಚ್ಚುತ್ತದೆ.

ಪುಟ್ಟ ಜೆಟ್‌ಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೆಸ್ನಾದ ಮಸ್ಟಾಂಗ್, ಬ್ರೆಜಿಲಿನ ಎಂಬ್ರೇರ್ ಕಂಪೆನಿಯ ಫೀನಮ್ 100, ರೆಕ್ಕೆಯ ಮೇಲೆ ಎಂಜಿನ್ ಹೊತ್ತ ಹೋಂಡಾಜೆಟ್ ಬಂದವು. 2016ರಲ್ಲಿ ಪ್ರಮಾಣಪತ್ರ ಪಡೆದ ಸಿರಸ್ ವಿಷನ್ ಜೆಟ್ ಒಂದೇ ಎಂಜಿನ್ನಿನದು. ತೊಂದರೆಯಾದರೆ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಅದರಲ್ಲಿದೆ. ಇವುಗಳಿಂದ ಖಾಸಗಿ ಹಾರಾಟದ ಖರ್ಚು ಇಳಿದದ್ದು ನಿಜ. ಆದರೆ ಅದು ಇಳಿದದ್ದು ದೊಡ್ಡ ಶ್ರೀಮಂತನಿಂದ ಸಣ್ಣ ಶ್ರೀಮಂತನವರೆಗೆ.

ಜಾವಗಲ್ಲಿನ ರೈತ ಹೂಡಿದ ಲೆಕ್ಕ

ಹಾಗಾದರೆ ನಮ್ಮ ಅಪ್ಪ ಅಮ್ಮಂದಿರು ವಿಮಾನ ಹತ್ತಿದ್ದು ಹೇಗೆ? ಅದಕ್ಕೆ ಕನ್ನಡಿಗರೊಬ್ಬರ ಕಥೆಗೆ ಬರಬೇಕು.

ಹಾಸನ ಜಿಲ್ಲೆಯ ಗೊರೂರಿನ ಶಾಲಾ ಮೇಷ್ಟ್ರ ಮಗ ಜಿ.ಆರ್. ಗೋಪಿನಾಥ್ ಸೈನ್ಯದಲ್ಲಿ ಕ್ಯಾಪ್ಟನ್ ಆಗಿ, 1971ರ ಯುದ್ಧ ಕಂಡು, ಚಿಕ್ಕ ವಯಸ್ಸಿನಲ್ಲೇ ಕೆಲಸ ಬಿಟ್ಟು ಊರಿಗೆ ಬಂದವರು. ಜಾವಗಲ್ಲಿನ ಹತ್ತಿರ ಜಮೀನು ಮಾಡಿ ರೇಷ್ಮೆ ಬೆಳೆದರು. ಸಾವಯವ ರೇಷ್ಮೆ ಕೃಷಿಗಾಗಿ 1996ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ಆಮೇಲೆ ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಶನ್ ಕಟ್ಟಿದರು. ಅದು ಬಾಡಿಗೆ ಜೀಪಿನ ವ್ಯಾಪಾರ. ಬಾಡಿಗೆಗೆ ಬರುವವರು ಯಾರು, ಎಷ್ಟು ಜನ ಎಂದು ಅವರಿಗೆ ಚೆನ್ನಾಗಿ ಗೊತ್ತಾಯಿತು.

2003ರ ಆಗಸ್ಟಿನಲ್ಲಿ ಅವರು ಏರ್ ಡೆಕ್ಕನ್ ಆರಂಭಿಸಿದರು. ಆರಿಸಿಕೊಂಡದ್ದು ಜೆಟ್ಟಲ್ಲ, 48 ಸೀಟುಗಳ ಎಟಿಆರ್ ಪಂಖದ ವಿಮಾನ. ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಿಗೆ ಒಂದು ಗಂಟೆಯ ಹಾರಾಟ. ಇಷ್ಟು ಹತ್ತಿರದ ದಾರಿಯಲ್ಲಿ ಜೆಟ್ ತನ್ನ ಎತ್ತರಕ್ಕೆ ಏರುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ, ಪಂಖದ ವಿಮಾನಕ್ಕೆ ಇಂಧನ ಕಡಿಮೆ ಸಾಕು. ವಿಮಾನದಲ್ಲಿ ಊಟ ಇಲ್ಲ, ಟಿಕೆಟ್ ಇಂಟರ್ನೆಟ್ಟಿನಲ್ಲಿ, ಇಳಿದ ವಿಮಾನ ಅರ್ಧ ಗಂಟೆಯಲ್ಲಿ ಮತ್ತೆ ಹಾರಬೇಕು. ಕೆಲವು ಸೀಟುಗಳನ್ನು 1 ರೂಪಾಯಿಗೂ ಮಾರಿದರು. ಖಾಲಿ ಹಾರುವ ಸೀಟಿಗಿಂತ ಒಂದು ರೂಪಾಯಿಯ ಸೀಟು ಮೇಲು, ಒಮ್ಮೆ ಹತ್ತಿದವನು ಮತ್ತೆ ಹತ್ತುತ್ತಾನೆ ಎಂಬ ಲೆಕ್ಕ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನೇ ಕಂಪೆನಿಯ ಗುರುತಾದ. 'ಸೂರರೈ ಪೋಟ್ರು' ಸಿನೆಮಾ ನೋಡಿದವರಿಗೆ ಈ ಕಥೆಯ ಛಾಯೆ ಗೊತ್ತಿರುತ್ತದೆ.

ಸಿನೆಮಾ ಗೆಲುವಿನಲ್ಲಿ ಮುಗಿಯುತ್ತದೆ, ಚರಿತ್ರೆ ಅಲ್ಲಿಗೆ ನಿಲ್ಲುವುದಿಲ್ಲ. ಏರ್ ಡೆಕ್ಕನ್ ಬೆಳೆದಷ್ಟೇ ನಷ್ಟವೂ ಬೆಳೆಯಿತು. 2007ರಲ್ಲಿ ಅದರ ಪಾಲು ಕಿಂಗ್‌ಫಿಶರ್‌ಗೆ ಹೋಯಿತು, 2008ರಲ್ಲಿ ಹೆಸರೂ ಹೋಯಿತು, 2012ರಲ್ಲಿ ಕಿಂಗ್‌ಫಿಶರ್ ವಿಮಾನಗಳೂ ನಿಂತವು. 2017ರಲ್ಲಿ ಗೋಪಿನಾಥ್ ಏರ್ ಡೆಕ್ಕನ್ ಹೆಸರಿನಲ್ಲೇ ಮತ್ತೆ ಪ್ರಯತ್ನಿಸಿದರು. ಈ ಸಲ ಇನ್ನೂ ಚಿಕ್ಕ, 18 ಸೀಟುಗಳ ವಿಮಾನ. ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಅರ್ಧದಷ್ಟು ಸೀಟುಗಳಿಗೆ ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಯ ಮಿತಿ ಇತ್ತು, ಉಳಿದದ್ದಕ್ಕೆ ಸರ್ಕಾರದ ಸಹಾಯ. 2020ರಲ್ಲಿ ಕೊರೋನಾ ಬಂದಾಗ ಅದೂ ನಿಂತಿತು.

ಇದಕ್ಕೂ ಮೊದಲು 1981ರಲ್ಲಿ ಸರ್ಕಾರವೇ ವಾಯುದೂತ್ ಎಂಬ ಸಂಸ್ಥೆ ಕಟ್ಟಿ, ಡೋರ್ನಿಯರ್‌ನಂಥ ಸಣ್ಣ ವಿಮಾನಗಳನ್ನು ಸಣ್ಣ ಊರುಗಳಿಗೆ ಕಳಿಸಿತ್ತು. 1993ರಲ್ಲಿ ಅದು ಇಂಡಿಯನ್ ಏರ್‌ಲೈನ್ಸ್ ಒಳಗೆ ಕರಗಿತು. ಬೆಂಗಳೂರಿನ ಎನ್.ಎ.ಎಲ್. ವಿಜ್ಞಾನಿಗಳು 14 ಸೀಟುಗಳ 'ಸಾರಸ್' ವಿಮಾನ ಮಾಡಿ 2004ರಲ್ಲಿ ಹಾರಿಸಿದರು. 2009ರ ಮಾರ್ಚ್ 6ರಂದು ಪರೀಕ್ಷಾ ಹಾರಾಟದಲ್ಲಿ ಅದು ಬಿಡದಿಯ ಹತ್ತಿರ ಬಿದ್ದು ಮೂವರು ಪ್ರಾಣ ಕಳೆದುಕೊಂಡರು. ಸಣ್ಣ ಊರಿಗೆ ಸಣ್ಣ ವಿಮಾನ ಎಂಬ ಕನಸನ್ನು ನಮ್ಮ ದೇಶ ಕಂಡದ್ದು ಒಂದು ಸಲವಲ್ಲ. ಪ್ರತಿ ಸಲವೂ ಯಾರೋ ಬೆಲೆ ತೆತ್ತಿದ್ದಾರೆ.

ಗಲ್ಫಿನ ಟಿಕೆಟ್ ಮತ್ತು ಬಜ್ಪೆಯ ಆ ಬೆಳಗು

ಕಾಸರಗೋಡಿನವರಿಗೆ ವಿಮಾನವೆಂದರೆ ಮೊದಲು ಗಲ್ಫ್. ಬಸ್ಸಿನಲ್ಲೋ ರೈಲಿನಲ್ಲೋ ಮುಂಬಯಿಗೆ ಹೋಗಿ, ಅಲ್ಲಿ ದಿನಗಟ್ಟಲೆ ಕಾದು ವಿಮಾನ ಹತ್ತಿದವರ ಕಥೆ ನಮ್ಮ ಅನೇಕ ಮನೆಗಳಲ್ಲಿದೆ. 2005ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೇರಳದಿಂದ ಗಲ್ಫಿಗೆ ಕಡಿಮೆ ದರದ ವಿಮಾನ ಆರಂಭಿಸಿತು. 2006ರಲ್ಲಿ ಬಜ್ಪೆಯಿಂದಲೇ ದುಬೈಗೆ ನೇರ ವಿಮಾನ ಬಂತು. ಇಲ್ಲಿ ದರ ಇಳಿದದ್ದು ವಿಮಾನ ಸಣ್ಣದಾದುದರಿಂದಲ್ಲ. ಸುಮಾರು 180 ಸೀಟುಗಳ ಬೋಯಿಂಗ್ 737, ಅದರ ತುಂಬ ನಮ್ಮವರು.

2010ರ ಮೇ 22, ಶನಿವಾರ, ಬೆಳಿಗ್ಗೆ ಆರು ಗಂಟೆಯ ಹೊತ್ತು. ದುಬೈಯಿಂದ ಬಂದ ಅದೇ ಸಂಸ್ಥೆಯ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ನಿಲ್ಲದೆ ಕೆಂಜಾರಿನ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು, ಉಳಿದವರು ಎಂಟೇ ಜನ. ಸತ್ತವರಲ್ಲಿ ನಮ್ಮ ಜಿಲ್ಲೆಯವರು ಅನೇಕರು. ಮಸೀದಿ, ಚರ್ಚು, ದೇವಸ್ಥಾನ ಎನ್ನದೆ ಇಡೀ ಜಿಲ್ಲೆ ಆ ವಾರ ಒಂದೇ ಮನೆಯಂತೆ ಅತ್ತದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ವಿಮಾನ ಸರಿಯಾದ ಎತ್ತರ, ವೇಗದಲ್ಲಿ ಇಳಿಯುತ್ತಿಲ್ಲ ಎಂಬ ಎಚ್ಚರಿಕೆ ಇದ್ದರೂ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಲಿಲ್ಲ ಎಂದು ತನಿಖೆ ಹೇಳಿತು.

ಕಡಿಮೆ ದರದ ವಿಮಾನವಾದ್ದರಿಂದ ಹೀಗಾಯಿತು ಎಂದು ನಾವು ಹೇಳುತ್ತಿಲ್ಲ, ತನಿಖೆಯೂ ಹಾಗೆ ಹೇಳಲಿಲ್ಲ. ಆದರೆ ಹಾರಾಟದಲ್ಲಿ ಕತ್ತರಿಸಬಹುದಾದ ಖರ್ಚು ಇದೆ, ಕತ್ತರಿಸಬಾರದ ಖರ್ಚು ಇದೆ. ಊಟ ಕೊಡದಿದ್ದರೆ ನಡೆಯುತ್ತದೆ. ಪೈಲಟ್‌ನ ವಿಶ್ರಾಂತಿ, ತರಬೇತಿ, ರನ್‌ವೇ ತುದಿಯ ಸುರಕ್ಷಿತ ಜಾಗ: ಇವುಗಳಲ್ಲಿ ಉಳಿತಾಯ ಎಂಬ ಮಾತೇ ಬರಬಾರದು. ಇಬ್ಬರು ಪೈಲಟ್‌ಗಳ ಸಂಬಳವೇ ಭಾರವಾಗುವ ಪುಟ್ಟ ಜೆಟ್ಟಿನ ವ್ಯಾಪಾರದಲ್ಲಿ ಈ ಆಸೆ ಇನ್ನೂ ಬೇಗ ಬರುತ್ತದೆ.

ನಮ್ಮ ಆಕಾಶಕ್ಕೆ ಬಂದ ಸಣ್ಣ ಹಾರುಯಂತ್ರ

ಇಷ್ಟೆಲ್ಲ ಹುಡುಕುವಾಗ ನಮಗೊಂದು ಸಂಗತಿ ಹೊಳೆಯಿತು. ಕಾಸರಗೋಡಿನ ಹಳ್ಳಿಗಳ ಮೇಲೆ ವರ್ಷ ವರ್ಷವೂ ತಪ್ಪದೆ ಬಂದ ಸಣ್ಣ ಹಾರುಯಂತ್ರ ಒಂದಿತ್ತು. ಅದು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ.

ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಸುಮಾರು 4,700 ಹೆಕ್ಟೇರ್ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರು ಹೂವನ್ನು ಕರಟಿಸುವ ಟೀ ಸೊಳ್ಳೆಯನ್ನು ಕೊಲ್ಲಲು ಅದು ಸುಲಭದ ದಾರಿ. ಗುಡ್ಡೆ ಗುಡ್ಡೆಗೆ ಆಳುಗಳನ್ನು ಕಳಿಸಿ, ಪಂಪು ಹೊರಿಸಿ ಸಿಂಪಡಿಸುವ ಕೆಲಸ ಹೆಲಿಕಾಪ್ಟರಿನಿಂದ ಬೇಗ ಮುಗಿಯುತ್ತಿತ್ತು. ಅದರ ಸದ್ದು ಕೇಳಿದಾಗ ಶಾಲೆಯ ಮಕ್ಕಳು ಅಂಗಳಕ್ಕೆ ಓಡಿಬಂದು ಕೈಬೀಸುತ್ತಿದ್ದರು ಎಂದು ಆ ಕಡೆಯ ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಹಿಂದುಳಿದ ಹಳ್ಳಿಯ ಮಗುವಿಗೆ ಆಕಾಶದಲ್ಲಿ ಹಾರುವ ಯಂತ್ರಕ್ಕಿಂತ ದೊಡ್ಡ ಬೆರಗು ಯಾವುದಿದೆ?

ಗಾಳಿಗೆ ತೋಟದ ಗಡಿ ಗೊತ್ತಿಲ್ಲ. ಮದ್ದು ಬಾವಿಗೆ, ತೋಡಿಗೆ, ಅಂಗಳಕ್ಕೆ ಬಿತ್ತು. ಎಣ್ಮಕಜೆಯ ಪಡ್ರೆ, ಸ್ವರ್ಗ ಭಾಗಗಳಲ್ಲಿ, ಮುಳಿಯಾರಿನಲ್ಲಿ, ಪೆರಿಯದಲ್ಲಿ, ಹೀಗೆ 11 ಪಂಚಾಯತುಗಳಲ್ಲಿ ಮಕ್ಕಳಲ್ಲಿ ಬೆಳವಣಿಗೆಯ ತೊಂದರೆಗಳು, ನರರೋಗಗಳು, ಕ್ಯಾನ್ಸರ್ ಕಾಣಿಸಿಕೊಂಡವು. ವಾಣಿನಗರದ ವೈದ್ಯ ಡಾ. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಇದನ್ನು ಗಮನಿಸಿದರು. ಅದೇ ಊರಿನ ಕನ್ನಡ ಪತ್ರಕರ್ತ ಶ್ರೀಪಡ್ರೆ ಬರೆದು ಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆ ಮನೆಗಳಿಗೆ ನಮ್ಮ ಯುವಜನರೂ ಭೇಟಿ ಕೊಟ್ಟಿದ್ದೇವೆ. ಮೂವತ್ತು ವರ್ಷದ ಮಗನನ್ನು ಮಗುವಿನಂತೆ ಎತ್ತಿ ಮಲಗಿಸುವ ತಾಯಂದಿರು ಅಲ್ಲಿದ್ದಾರೆ.

ಸುಲಭವೆಂದು ಆರಿಸಿದ ಹಾರಾಟದ ನಿಜವಾದ ಬೆಲೆ ಇದು. ಲೆಕ್ಕದ ಪುಸ್ತಕದಲ್ಲಿ ಅದು ಎಲ್ಲೂ ಕಾಣಲಿಲ್ಲ, ಏಕೆಂದರೆ ಕೊಟ್ಟವರು ಬೇರೆಯವರು. ಹಾಗಾಗಿ ಹಾರಾಟ ಅಗ್ಗವಾಗುತ್ತದೆ ಎಂದು ಯಾರಾದರೂ ಹೇಳಿದರೆ, ಯಾರಿಗೆ ಅಗ್ಗ ಎಂದು ಕೇಳುವ ಹಕ್ಕು ಕಾಸರಗೋಡಿನವರಾದ ನಮಗೆ ಬೇರೆಯವರಿಗಿಂತ ಒಂದು ಹಿಡಿ ಹೆಚ್ಚೇ ಇದೆ. ಪುಟ್ಟ ಜೆಟ್ಟಿನ ವಿಷಯದಲ್ಲೂ ಈ ಪ್ರಶ್ನೆ ಇದೆ. ಒಬ್ಬ ಪ್ರಯಾಣಿಕನ ಲೆಕ್ಕದಲ್ಲಿ ಅದು ತುಂಬಿದ ದೊಡ್ಡ ವಿಮಾನಕ್ಕಿಂತ ಎಷ್ಟೋ ಹೆಚ್ಚು ಇಂಧನ ಸುಡುತ್ತದೆ. ಅದರ ಹೊಗೆ ಟಿಕೆಟ್ ಕೊಂಡವನ ಮನೆಯ ಮೇಲೆ ಮಾತ್ರ ನಿಲ್ಲುವುದಿಲ್ಲ.

ತಲಪಾಡಿ ಮುಚ್ಚಿದ ದಿನಗಳು

ಹಾಗಾದರೆ ಸಣ್ಣ ವಿಮಾನ ನಮಗೆ ಬೇಡವೇ? ಬೇಕು ಎಂದು ಅನಿಸಿದ ದಿನಗಳೂ ನಮ್ಮ ನೆನಪಿನಲ್ಲಿವೆ.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಭಯದಿಂದ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿತು. ಕೆಲವು ಕಡೆ ರಸ್ತೆಗೆ ಮಣ್ಣು ಸುರಿದರು. ಮಂಜೇಶ್ವರ, ಕುಂಬಳೆ ಭಾಗದವರಿಗೆ ಮಂಗಳೂರಿನ ಆಸ್ಪತ್ರೆಗಳೇ ಹತ್ತಿರ. ಡಯಾಲಿಸಿಸ್ ಆಗಲಿ, ಹೃದಯದ ಚಿಕಿತ್ಸೆಯಾಗಲಿ, ಹೆರಿಗೆಯಾಗಲಿ ಅಲ್ಲಿಗೇ ಹೋಗುತ್ತಿದ್ದರು. ಆ ದಿನಗಳಲ್ಲಿ ಆಂಬುಲೆನ್ಸ್ ತಲಪಾಡಿಯಿಂದ ಹಿಂದೆ ಬಂದು ಹಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಗಂಭೀರ ರೋಗಿಗಳನ್ನು ಅಗತ್ಯ ಬಿದ್ದರೆ ಆಕಾಶಮಾರ್ಗವಾಗಿ ಬೇರೆ ಜಿಲ್ಲೆಗೆ ಸಾಗಿಸುವ ಮಾತನ್ನು ಕೇರಳ ಸರ್ಕಾರ ಆಡಿತು. ಅದೇ ಏಪ್ರಿಲಿನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆದರು.

ಆ ವರ್ಷದ ಮೇ 9ರಂದು ತಿರುವನಂತಪುರದಲ್ಲಿ ದಾನವಾಗಿ ಸಿಕ್ಕಿದ ಹೃದಯವೊಂದನ್ನು, ಸರ್ಕಾರ ಬಾಡಿಗೆಗೆ ಪಡೆದ ಹೆಲಿಕಾಪ್ಟರ್ ಕೊಚ್ಚಿಗೆ ತಂದಿತು. ಎರ್ನಾಕುಳಂನ ಲಿಸಿ ಆಸ್ಪತ್ರೆಯಲ್ಲಿ ಅದನ್ನು ಒಬ್ಬ ಮಹಿಳೆಗೆ ಜೋಡಿಸಿದರು. 2015ರಲ್ಲಿ ನೌಕಾಪಡೆಯ ಡೋರ್ನಿಯರ್ ವಿಮಾನವೂ ಇದೇ ದಾರಿಯಲ್ಲಿ ಹೃದಯ ಹೊತ್ತು ತಂದಿತ್ತು. ಎರಡೂ ಸಲ ಒಳಗಿದ್ದದ್ದು ಒಂದೇ ಪೆಟ್ಟಿಗೆ, ಕೆಲವು ಡಾಕ್ಟರುಗಳು. ಸೀಟು ಲೆಕ್ಕ ಹಾಕಿದರೆ ಇದಕ್ಕಿಂತ ದುಬಾರಿ ಹಾರಾಟ ಇಲ್ಲ. ಆದರೂ ಅದು ದುಬಾರಿ ಎಂದು ಯಾರೂ ಹೇಳಲಿಲ್ಲ. ಆ ಖರ್ಚನ್ನು ಎಲ್ಲರೂ ಸೇರಿ ಹೊತ್ತರು.

ಬೇಕಲದ ಹತ್ತಿರ ಪೆರಿಯದಲ್ಲಿ ಸಣ್ಣ ವಿಮಾನಗಳಿಗಾಗಿ ರನ್‌ವೇ ಕಟ್ಟುವ ಪ್ರಸ್ತಾವ ಹಲವು ವರ್ಷಗಳಿಂದ ಇದೆ. ಪ್ರವಾಸಿಗರು ಬರುತ್ತಾರೆ, ಊರು ಬೆಳೆಯುತ್ತದೆ ಎನ್ನುತ್ತಾರೆ. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ಇದರ ಅಗತ್ಯದ ಬಗ್ಗೆ ಎರಡು ಮಾತು ಇರಬಹುದು. ಒಂದು ವೇಳೆ ಅದು ಬಂದರೆ, ಅಲ್ಲಿ ಇಳಿಯುವುದು ಯಾವ ವಿಮಾನ ಎಂದು ಕೇಳುವವರು ನಾವಾಗಬೇಕು. ರೆಸಾರ್ಟಿಗೆ ಬರುವ ಬಾಡಿಗೆ ಜೆಟ್ ಮಾತ್ರವೇ? ಸೀಟಿನ ಲೆಕ್ಕದ ಸರ್ವಿಸ್ ವಿಮಾನವೂ ಇದೆಯೇ? ರಾತ್ರಿ ಎರಡು ಗಂಟೆಗೆ ರೋಗಿಯನ್ನು ಹೊತ್ತು ಏರುವ ಒಂದು ಆಂಬುಲೆನ್ಸ್ ವಿಮಾನಕ್ಕೆ ಅಲ್ಲಿ ಜಾಗ ಇದೆಯೇ? ಪೆರಿಯವೂ ಹೆಲಿಕಾಪ್ಟರ್ ಮದ್ದು ಸುರಿದ ಊರೇ. ಆಕಾಶದಿಂದ ಆ ಊರಿಗೆ ಬರಬೇಕಾದ ಸಾಲವೊಂದು ಬಾಕಿ ಇದೆ.

ಮುಗಿಸುವ ಮೊದಲು

1920ರ ಮಾರ್ಚಿನಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಲೊರೆಟೊ ಮಾತೆಯನ್ನು ವಿಮಾನಯಾನಿಗಳ ಪಾಲಕಿಯೆಂದು ಘೋಷಿಸಿದರು. ನಜರೇತಿನ ಪುಟ್ಟ ಮನೆಯನ್ನು ದೇವದೂತರು ಹೊತ್ತು ಇಟಲಿಗೆ ತಂದರು ಎಂಬ ಪರಂಪರೆಯ ಕಥೆಯೇ ಅದಕ್ಕೆ ಕಾರಣ. ಬಂಟ್ವಾಳದ ಲೊರೆಟ್ಟೊ ಚರ್ಚಿಗೆ ಹೋದಾಗ ಇದನ್ನು ನೆನಪಿಸಿಕೊಳ್ಳಬಹುದು. ಆ ಕಥೆಯಲ್ಲಿ ಹಾರಿದ್ದು ಅರಮನೆಯಲ್ಲ, ಬಡಗಿಯೊಬ್ಬನ ಮನೆ.

ಜೀಪು ಓಡಿಸುತ್ತಿದ್ದ ಅಂಕಲ್ ಅವರಿಗೆ ನಾವು ಈ ಲೇಖನವನ್ನು ಓದಿ ಹೇಳಿದೆವು. ಪೂರ್ತಿ ಕೇಳಿ ಅವರು ಹೇಳಿದ್ದಿಷ್ಟು: "ಸರ್ವಿಸ್ ಜೀಪಿಗೂ ಒಂದು ನಿಯಮ ಇತ್ತು ಮಕ್ಕಳೇ. ಆಸ್ಪತ್ರೆಗೆ ಹೋಗುವವರು ಬಂದರೆ ಜೀಪು ತುಂಬಲಿ ಎಂದು ಕಾಯುವ ಹಾಗಿರಲಿಲ್ಲ."

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಹಿರಿಯರಲ್ಲಿ ಒಂದು ವಿಷಯ ಕೇಳಿಕೊಂಡು ಬನ್ನಿ. ನಿಮ್ಮ ಮನೆಯಲ್ಲಿ ಮೊದಲು ವಿಮಾನ ಹತ್ತಿದವರು ಯಾರು, ಯಾವ ವರ್ಷ, ಆ ಟಿಕೆಟಿನ ದುಡ್ಡು ಎಲ್ಲಿಂದ ಬಂತು? ಚಿನ್ನ ಅಡವಿಟ್ಟದ್ದೋ, ದನ ಮಾರಿದ್ದೋ, ಅಣ್ಣ ಕಳಿಸಿದ್ದೋ? ಅದನ್ನೆಲ್ಲ ಬರೆದಿಟ್ಟರೆ ನಮ್ಮ ಊರಿನ ವಿಮಾನಯಾನದ ಚರಿತ್ರೆಯ ಉಳಿದ ಭಾಗ ಸಿಕ್ಕಂತಾಗುತ್ತದೆ.